ಅತ್ತೆಯ ಕಣ್ಣು, ಕಾರಿನ ನೆತ್ತಿ

ಭಾನುವಾರ ಬೆಳಗ್ಗೆ ಏಳು ಗಂಟೆ ಹನ್ನೆರಡು ನಿಮಿಷಕ್ಕೆ ನಾನು ಕಾರಿನ ಬಾನೆಟ್ ಎತ್ತಿ, ಹಳೆಯ ಟೂತ್‌ಬ್ರಷ್ ಹಿಡಿದು ಬ್ಯಾಟರಿಗೆ ಹಲ್ಲುಜ್ಜಿಸುತ್ತಿದ್ದೆ. ಬ್ಯಾಟರಿಗೆಲ್ಲಿಯ ಹಲ್ಲು ಎಂದು ಕೇಳಬೇಡಿ. ಎರಡಿವೆ, ಒಂದು ಧನ, ಒಂದು ಋಣ. ಎರಡರ ಮೇಲೂ ಬಿಳಿಯ ಪುಡಿ ಕಟ್ಟಿತ್ತು. ವೈರುಗಳನ್ನು ಬಿಚ್ಚಿ, ತಿಕ್ಕಿ, ಒರೆಸಿ, ಮತ್ತೆ ಬಿಗಿದು, ಬಾನೆಟ್ ಮುಚ್ಚಿ ನಿಂತಾಗ ನನ್ನ ಎದೆ ಎರಡು ಅಂಗುಲ ಉಬ್ಬಿತ್ತು.

ಉಬ್ಬುವುದಕ್ಕೆ ಕಾರಣವಿತ್ತು. ಅಂದು ಮಧ್ಯಾಹ್ನ ಮೂರಕ್ಕೆ ನನ್ನ ಅತ್ತೆಯವರನ್ನು ಕಣ್ಣಿನ ಆಸ್ಪತ್ರೆಯಿಂದ ಮನೆಗೆ ಕರೆತರಬೇಕಿತ್ತು. ಪೊರೆ ಬಂದ ಕಣ್ಣನ್ನು ಅವರು ಎರಡು ವರ್ಷ ಯಾವ ವೈದ್ಯರಿಗೂ ಮುಟ್ಟಗೊಟ್ಟಿರಲಿಲ್ಲ. ಆಪರೇಷನ್ನಿನ ಭಯವಲ್ಲ, ಆಪರೇಷನ್ ಮುಗಿಸಿ ಮನೆಗೆ ಬರುವ ದಾರಿಯ ಭಯ! ಅವರ ಗೆಳತಿಯೊಬ್ಬರ ಕಣ್ಣಿಗೆ ಆಸ್ಪತ್ರೆಯಿಂದ ಬರುವಾಗಲೇ ಧೂಳು ಹೊಕ್ಕು, ಬಂದ ದಾರಿಯಲ್ಲೇ ಮತ್ತೆ ಆಸ್ಪತ್ರೆಗೆ ಹೋಗಿ ಮಲಗಬೇಕಾಯಿತಂತೆ. ಅದಕ್ಕೆ ಸರಿಯಾಗಿ ಕಣ್ಣಾಸ್ಪತ್ರೆಯ ಮುಂದಿನ ರಸ್ತೆಯನ್ನು ಪೈಪು ಹೂಳಲೆಂದು ಅಗೆದವರು ಮುಚ್ಚುವುದನ್ನು ಮರೆತಿದ್ದರು. ಅಲ್ಲಿ ಗಾಳಿ ಬೀಸಿದರೆ ಎದುರಿಗಿರುವವರು ಅಣ್ಣನೋ ತಮ್ಮನೋ ತಿಳಿಯುವುದಿಲ್ಲ.

ಒಂದು ರಾತ್ರಿ ಊಟದ ಮೇಜಿನ ಮುಂದೆ ನಾನು ಎದ್ದು ನಿಂತು ಘೋಷಿಸಿದೆ:

"ಅತ್ತೇ, ನಿಮ್ಮನ್ನ ನನ್ನ ಕಾರಲ್ಲೇ ಕರ್ಕೊಂಡು ಬರ್ತೀನಿ. ನಾಲ್ಕು ಕಡೆಯಿಂದ್ಲೂ ಭದ್ರ. ಒಂದೇ ಒಂದು ಕಣ ಧೂಳು ನಿಮ್ಮ ಕಣ್ಣಿಗೆ ತಾಗಿದ್ರೆ ನನ್ನ ಬಿ.ಎಸ್ಸಿ. ಪದವೀನ ವಾಪಸ್ ಕೊಟ್ಬಿಡ್ತೀನಿ!"

ಅತ್ತೆ ತುತ್ತು ಕೆಳಗಿಟ್ಟು ನನ್ನನ್ನೇ ನೋಡಿದರು. "ನೀವು ಪದವಿ ಮೇಲೆ ಆಣೆ ಇಟ್ಟಿದ್ದೀರಿ ಅಂದ್ರೆ ಅದು ಸುಮ್ಮನೆ ಆಡಿದ ಮಾತಲ್ಲ ಬಿಡಿ. ಆಗ್ಲಿ, ಮಾಡಿಸ್ಕೋತೀನಿ" ಎಂದರು.

ಅವರು ಹೇಳಿದ್ದು ನಿಜ. ಥರ್ಮಾಮೀಟರ್ ತಯಾರಿಸುವ ಕಾರ್ಖಾನೆಯಲ್ಲಿ ಪ್ರತಿಯೊಂದನ್ನೂ ಪರೀಕ್ಷಿಸಿ ಮುದ್ರೆ ಒತ್ತುವುದು ನನ್ನ ಕೆಲಸ. ಜಗತ್ತಿನ ಎಷ್ಟೋ ಜ್ವರಗಳು ನನ್ನ ಒಪ್ಪಿಗೆ ಪಡೆದೇ ಏರುತ್ತವೆ, ಇಳಿಯುತ್ತವೆ. ಇಂಥವನು ಮಾತು ಕೊಟ್ಟರೆ ಮುರಿಯುವುದುಂಟೆ?

ನನಗೂ ಅತ್ತೆಗೂ ಇದ್ದ ಭಿನ್ನಾಭಿಪ್ರಾಯ ಒಂದೇ. ಗುಂಡಿ. ಅಂದರೆ, ಒತ್ತುವ ಗುಂಡಿ.

ಅತ್ತೆ ಯಾವ ಗುಂಡಿಯನ್ನೂ ಮುಟ್ಟಿ ಬಿಡುವವರಲ್ಲ. ಒತ್ತಿದರೆಂದರೆ ಒತ್ತಿದರು! ನಮ್ಮ ಮನೆಯ ಕರೆಗಂಟೆ ಅವರ ಬೆರಳಿನಡಿ ತನ್ನ ರಾಗವನ್ನು ಪೂರ್ತಿ ಹಾಡಿ, ಸುಸ್ತಾಗಿ, ಮತ್ತೆ ಮೊದಲಿನಿಂದ ಶುರುಮಾಡುತ್ತದೆ. ಗಂಟೆಯ ಉದ್ದ ಕೇಳಿಯೇ ಬಂದವರು ಅತ್ತೆ ಎಂದು ಇಡೀ ಬೀದಿಗೆ ತಿಳಿಯುತ್ತದೆ. ಟೀವಿಯ ರಿಮೋಟಿನಲ್ಲಿ ಅಂಕಿಗಳು ಅಳಿಸಿಹೋಗಿ ವರ್ಷಗಳಾದವು. ಒಮ್ಮೆ ತಡೆಯಲಾರದೆ ನಾನು ಸ್ಟಾಪ್‌ವಾಚ್ ತಂದು ಅವರಿಗೆ ಪಾಠವನ್ನೇ ಮಾಡಿದ್ದೆ.

"ನೋಡಿ ಅತ್ತೇ, ಗುಂಡಿಗೆ ವಿಷಯ ತಿಳಿಯೋಕೆ ಅರ್ಧ ಸೆಕೆಂಡು ಸಾಕು. ಅರ್ಧ ಸೆಕೆಂಡು! ಅದಕ್ಕಿಂತ ಹೆಚ್ಚು ಒತ್ತೋದು ವಿದ್ಯುತ್ತಿಗೆ ಮಾಡೋ ಅವಮಾನ!"

"ಮನುಷ್ಯರಿಗೇ ಒಂದು ಸಲ ಹೇಳಿದ್ರೆ ತಿಳಿಯಲ್ಲ, ಗುಂಡಿಗೆ ಹೇಗೆ ತಿಳಿಯುತ್ತೆ ಅಳಿಯಂದ್ರೇ?" ಎಂದು ಅವರು ಮುಗ್ಧವಾಗಿ ಕೇಳಿದ್ದರು. ನಾನು ಹಣೆ ಚಚ್ಚಿಕೊಂಡಿದ್ದೆ.

ಇರಲಿ. ಭಾನುವಾರಕ್ಕೆ ಬರೋಣ.

ಬ್ಯಾಟರಿಯ ಕೆಲಸಕ್ಕೆ ಇಳಿಯುವ ಮೊದಲು ಕಾರಿನೊಳಗೆ ಗಾಳಿಯಾಡಲಿ ಎಂದು ಸನ್‌ರೂಫ್ ತೆರೆದಿಟ್ಟಿದ್ದೆ. ಸನ್‌ರೂಫ್ ಎಂದರೆ ಕಾರಿನ ಚಾವಣಿಯಲ್ಲಿ ಜಾರಿ ತೆರೆಯುವ ಗಾಜು. ಸೆಕೆಂಡ್ ಹ್ಯಾಂಡಿನಲ್ಲಿ ಈ ಕಾರು ಕೊಂಡ ದಿನ ನನ್ನ ಹೆಂಡತಿ ತಲೆಯೆತ್ತಿ ನೋಡಿ, "ಮೇಲೆ ತೂತಿದೆಯಲ್ರೀ, ನೋಡ್ಲಿಲ್ವಾ ನೀವು?" ಎಂದಿದ್ದಳು. "ತೂತಲ್ಲ, ಸನ್‌ರೂಫ್! ಆಕಾಶ ಸಮೇತ ಕೊಂಡಿದ್ದೀನಿ!" ಎಂದು ನಾನು ಬೀಗಿದ್ದೆ. ಹಳೆಯ ಮಾಲೀಕ ಆಕಾಶ ಕೊಟ್ಟಿದ್ದ, ಕಾರಿನ ಕೈಪಿಡಿ ಕೊಡಲು ಮರೆತಿದ್ದ.

ಕೈ ತೊಳೆದು ಬಂದು, ಒಳಗೆ ಕೂತು, ನೆತ್ತಿಯ ಗುಂಡಿಯನ್ನು ಒತ್ತಿದೆ. ಗಾಜು ಒಂದು ಬೆರಳಗಲ ಮುಂದೆ ಬಂತು. ಏನೋ ನೆನಪಾದವರಂತೆ ನಿಂತಿತು. ಹಿಂದಕ್ಕೆ ಸರಿದು ಇದ್ದ ಜಾಗದಲ್ಲೇ ಕೂತಿತು.

ಮತ್ತೆ ಒತ್ತಿದೆ. ಒಂದು ಬೆರಳು ಮುಂದೆ, ಒಂದು ಬೆರಳು ಹಿಂದೆ. ಮತ್ತೆ ಒತ್ತಿದೆ. ಮಾವನ ಮನೆಗೆ ಹೊರಟ ಹೊಸ ಅಳಿಯನಂತೆ ಹೊಸಿಲವರೆಗೆ ಬಂದು ವಾಪಸ್!

ಹೆಂಡತಿ ಒಳಗಿನಿಂದ ಟವೆಲಿನಲ್ಲಿ ತಲೆ ಒರೆಸಿಕೊಳ್ಳುತ್ತ ಬಂದಳು. ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ತಾಯಿಯ ಜೊತೆಗಿದ್ದು ಆಗತಾನೆ ಮನೆಗೆ ಬಂದಿದ್ದಳು.

"ಏನಾಯ್ತ್ರೀ?"

"ಏನಿಲ್ಲ. ಸಣ್ಣ ದೋಷ. ಪತ್ತೆ ಹಚ್ಚಿ ಸರಿ ಮಾಡ್ತೀನಿ."

"ನೀವು ಸರಿ ಮಾಡ್ತೀನಿ ಅಂದಾಗೆಲ್ಲ ನನಗೆ ಹೊಸದು ಕೊಳ್ಳೋ ಯೋಗ ಬರುತ್ತೆ. ಮಿಕ್ಸಿ ನೆನಪಿದೆಯಾ?"

"ಮಿಕ್ಸಿಯಲ್ಲಿ ನನ್ನ ಊಹೆ ಸರಿಯಾಗಿತ್ತು. ಮಿಕ್ಸಿ ಮಾತ್ರ ಸಹಕರಿಸಲಿಲ್ಲ."

"ಮೆಕ್ಯಾನಿಕ್ಕಿಗೆ ಫೋನ್ ಮಾಡಿ."

ಮಾಡಿದೆ. ಭಾನುವಾರ ರಜೆ, ಸೋಮವಾರ ಬನ್ನಿ ಎಂದಿತು ಧ್ವನಿಮುದ್ರಿಕೆ. ಒಳಗೊಳಗೇ ನನಗೆ ಸಂತೋಷವಾಯಿತು. ವಿಜ್ಞಾನ ಓದಿದವನು ಮೆಕ್ಯಾನಿಕ್ಕನ ಮುಂದೆ ಕೈಕಟ್ಟಿ ನಿಲ್ಲುವುದು ಯಾವ ನ್ಯಾಯ? ಶರ್ಟಿನ ತೋಳು ಮಡಿಸಿ ಹೇಳಿದೆ: "ವೈಜ್ಞಾನಿಕ ವಿಧಾನ ಅಂದ್ರೇನು ಗೊತ್ತಾ? ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿ ಸಲವೂ ಪರೀಕ್ಷೆ. ಎಲ್ಲಕ್ಕಿಂತ ಮೊದಲು ಸುರಕ್ಷತೆ."

ಸುರಕ್ಷತೆ ಎಂದರೆ ಬ್ಯಾಟರಿ ಬಿಚ್ಚುವುದು. ಕಾರಿನ ಯಾವ ವೈರು ಮುಟ್ಟುವ ಮೊದಲೂ ಬ್ಯಾಟರಿ ಬಿಚ್ಚುವುದು ನನ್ನ ನಿಯಮ. ಬಿಚ್ಚಿದೆ.

ಮೊದಲ ಆರೋಪಿ ಫ್ಯೂಸು. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಕಾಲು ಹೊರಗೆ ಚಾಚಿ, ಹೆಂಡತಿಯ ಹುಬ್ಬು ಕೀಳುವ ಚಿಮಟದಿಂದ ಸನ್‌ರೂಫಿನ ಫ್ಯೂಸನ್ನು ಹಿಡಿದೆಳೆದೆ. ಬೆಳಕಿಗೆ ಹಿಡಿದು ನೋಡಿದೆ. ಅದರೊಳಗಿನ ತಂತಿ ಕೂಸಿನ ಕೂದಲಿನಂತೆ ನಯವಾಗಿ, ಅಖಂಡವಾಗಿತ್ತು. ಫ್ಯೂಸು ನಿರ್ದೋಷಿ! ಗೌರವಪೂರ್ವಕವಾಗಿ ಬಿಡುಗಡೆ ಮಾಡಿ ಸ್ವಸ್ಥಾನಕ್ಕೆ ಕಳಿಸುವಷ್ಟರಲ್ಲಿ ಚಿಮಟ ಜಾರಿತು. ಬಿಡುಗಡೆಯಾದ ಕೈದಿ ನಿಂತಲ್ಲಿ ನಿಲ್ಲುತ್ತಾನೆಯೆ? ಪಟಕ್ಕನೆ ಹಾರಿ, ಸೀಟಿನ ಕೆಳಗಿನ ಸಂದಿಗೆ ಬಿದ್ದು, ನಾಪತ್ತೆಯಾದ. ಟಾರ್ಚು ಹಾಕಿ ಹುಡುಕಿದೆ. ಸೀಟಿನ ಕೆಳಗೆ ಎರಡು ಪೆನ್ನು, ಒಂದು ಬಾಚಣಿಗೆ, ಹೆಂಡತಿ ಹೋದ ವರ್ಷ ಕಳೆದುಕೊಂಡ ಕಿವಿಯೋಲೆ ಸಿಕ್ಕವು. ಫ್ಯೂಸು ಸಿಗಲಿಲ್ಲ.

"ಓಲೆ ಸಿಕ್ತಲ್ಲ!" ಎಂದು ಹೆಂಡತಿ ಹಿಗ್ಗಿದಳು. "ಇವತ್ತಿನ ಮಟ್ಟಿಗೆ ಇಷ್ಟು ಸಾಕು. ಟ್ಯಾಕ್ಸಿ ಮಾಡೋಣ ಕಣ್ರೀ."

"ಛೆ! ಅದೇ ಅಳತೆಯ ಫ್ಯೂಸು ಹಾರ್ನಿನದ್ದೂ ಇದೆ. ಅದನ್ನ ತೆಗೆದು ಇಲ್ಲಿಗೆ ಹಾಕ್ತೀನಿ. ಹಾರ್ನ್ ಇಲ್ದೆ ಮನುಷ್ಯ ಬದುಕಬಲ್ಲ."

ಹಾಕಿದೆ. ಬ್ಯಾಟರಿ ಜೋಡಿಸಿದೆ. ಗುಂಡಿ ಒತ್ತಿದೆ. ಒಂದು ಬೆರಳು ಮುಂದೆ, ಒಂದು ಬೆರಳು ಹಿಂದೆ.

"ಸರೀರಿ, ನಾನೊಂದು ಸಲ ನೋಡ್ತೀನಿ" ಎಂದು ಹೆಂಡತಿ ಕೈ ಚಾಚಿ ಗುಂಡಿ ಒತ್ತಿದಳು. ಒತ್ತಿದವಳು ಬಿಡಲಿಲ್ಲ. ತಾಯಿಯಂತೆ ಮಗಳು! ಗಾಜು ಗುರ್ರ್ ಎಂದು ಹೊರಟಿತು. 

"ಬಿಡು! ಬಿಡು! ಮೋಟಾರು ಸುಟ್ಟುಹೋಗುತ್ತೆ!" ಎಂದು ಕೂಗಿ ಅವಳ ಕೈ ಕಿತ್ತೆ. ಗಾಜು ನಿಂತು, ನಿಟ್ಟುಸಿರಿಟ್ಟು ಹಿಂದೆ ಸರಿಯಿತು.

"ಜಾಸ್ತಿ ಬಂತಲ್ರೀ ಈಗ? ನಾಲ್ಕು ಬೆರಳು ಬಂತು!"

ನಾಲ್ಕು ಬೆರಳು ಬಂದಿದ್ದನ್ನು ನಾನೂ ನೋಡಿದ್ದೆ. ಆದರೆ ಪ್ರಯೋಗ ಮಾಡಿದವರಿಗೆ ಗೊತ್ತು, ನೂರು ಅಳತೆಯಲ್ಲಿ ಒಂದು ಹೀಗೆ ಹಾದಿ ತಪ್ಪುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯಬಾರದು. "ಅದು ಪ್ರಾಯೋಗಿಕ ದೋಷ" ಎಂದು ವಿವರಿಸಿದೆ.

"ನನ್ನ ಕೈಯಲ್ಲಿ ಸರಿಯಾದ್ರೆ ದೋಷ, ನಿಮ್ಮ ಕೈಯಲ್ಲಿ ಕೆಟ್ರೆ ವಿಜ್ಞಾನ" ಎಂದು ಅವಳು ಒಳಗೆ ಹೋದಳು.

ಎರಡನೆಯ ಆರೋಪಿ, ಗಾಜು ಜಾರುವ ಹಳಿ. ಒಣಗಿ ಬಿಗಿಯಾಗಿರಬೇಕು. ಎಣ್ಣೆ ಬೇಕು. ಹೆಂಡತಿಯ ಹೊಲಿಗೆ ಯಂತ್ರದ ಎಣ್ಣೆಯ ಡಬ್ಬಿಯನ್ನು ಅವಳ ಅನುಮತಿಯಿಲ್ಲದೆ ಎರವಲು ಪಡೆದು, ಸುರಕ್ಷತೆಗಾಗಿ ಬ್ಯಾಟರಿ ಬಿಚ್ಚಿ, ಸೀಟಿನ ಮೇಲೆ ಹತ್ತಿ, ಸನ್‌ರೂಫಿನ ಮೂಲಕ ಸೊಂಟದವರೆಗೆ ಮೇಲೆದ್ದೆ. ಎದೆಯ ಜೇಬಿನಲ್ಲಿ ಸ್ಕ್ರೂಡ್ರೈವರ್, ಟಾರ್ಚು, ಚಿಮಟ. ಬಲಗೈಯಲ್ಲಿ ಎಣ್ಣೆ. ರಥವೇರಿದ ವೀರನ ಭಂಗಿ!

"ಏನು, ಮೆರವಣಿಗೆ ಹೊರಟಿರಾ?"

ತಲೆಯೆತ್ತಿದೆ. ಎದುರು ಮನೆಯ ಬಾಲ್ಕನಿ ಸಾಹೇಬರು. ನಿವೃತ್ತರಾದ ದಿನದಿಂದ ಅವರು ಬಾಲ್ಕನಿಯ ಗೋಡೆಗೆ ಮೊಣಕೈ ಊರಿ ನಿಂತೇ ಇದ್ದಾರೆ. ಅವರ ಸೊಂಟದ ಕೆಳಗಿನ ಭಾಗವನ್ನು ನಮ್ಮ ಬೀದಿಯಲ್ಲಿ ಯಾರೂ ಕಂಡಿಲ್ಲ.

"ಸನ್‌ರೂಫ್ ಮುಚ್ತಿಲ್ಲ ಸಾರ್. ರಿಪೇರಿ ಮಾಡ್ತಿದ್ದೀನಿ."

"ಮುಚ್ಚಿದಂಗೇ ಕಾಣುತ್ತಲ್ಲ? ಬಿರಡೆ ಹಾಕಿದಂಗೆ ನೀವೇ ಸರಿಯಾಗಿ ಕೂತಿದ್ದೀರಿ."

ನಕ್ಕಂತೆ ಮಾಡಿ ಎಡಹಳಿಗೆ ಎಣ್ಣೆ ಬಿಟ್ಟೆ. ಬಲಹಳಿಗೆ ಬಿಟ್ಟೆ. ಡಬ್ಬಿಯ ಮೂತಿ ಸಣ್ಣದೆಂದು ಒತ್ತಿದರೆ ಮುಚ್ಚಳವೇ ಕಳಚಿ, ಉಳಿದ ಎಣ್ಣೆಯೆಲ್ಲ ಅತ್ತೆ ಕೂರುವ ಸೀಟಿನ ಮೇಲೆ ಧಾರೆಯಾಯಿತು. ಗಾಬರಿಯಿಂದ ಕೆಳಗಿಳಿಯಹೋದೆ. ಇಳಿಯಲಾಗಲಿಲ್ಲ. ಜೇಬಿನ ಸ್ಕ್ರೂಡ್ರೈವರ್ ಅಡ್ಡಲಾಗಿ, ಚಾವಣಿಯ ಅಂಚಿಗೆ ಕೊಕ್ಕೆಯಂತೆ ಸಿಕ್ಕಿಕೊಂಡಿತ್ತು. ಎಳೆದಷ್ಟೂ ಶರ್ಟು ಕುತ್ತಿಗೆಗೆ ಬಂತು. ಕೈ ಮೇಲಿದ್ದವು, ಕಾಲು ಕೆಳಗಿದ್ದವು, ನಡುವಿನ ನನಗೆ ಎರಡರ ಮೇಲೂ ಅಧಿಕಾರವಿರಲಿಲ್ಲ.

ಸರಿಯಾಗಿ ಆಗಲೇ ಕೆಳಗೆ ಸೀಟಿನ ಮೇಲಿದ್ದ ಫೋನು ರಿಂಗಣಿಸಿತು.

"ಲೇ! ಯಾರಾದ್ರೂ ಫೋನ್ ತಗೊಳ್ಳಿ!" ಎಂದು ನಾನು ಆಕಾಶಕ್ಕೆ ಕೂಗಿದೆ.

ಹೆಂಡತಿ ಓಡಿಬಂದು, ಕಾರಿನ ಮೇಲೆ ಅರ್ಧ ಗಂಡನನ್ನೂ ಒಳಗೆ ಉಳಿದರ್ಧವನ್ನೂ ನೋಡಿ, ಫೋನು ತೆಗೆದು ನನ್ನ ಕಿವಿಗೆ ಹಿಡಿದಳು.

"ಅಳಿಯಂದ್ರೇ, ನಾನು" ಎಂದಿತು ಅತ್ತೆಯ ಧ್ವನಿ. "ಮೂರು ಗಂಟೆಗೆ ಕಳಿಸ್ತಾರಂತೆ. ನಿಮ್ಮ ಕಾರೇ ಅಲ್ವಾ ಬರೋದು?"

"ನಮ್ಮ ಕಾರೇ ಅತ್ತೇ" ಎಂದೆ. ಶರ್ಟಿನ ಕಾಲರು ಬಾಯಿಗೆ ಬಂದಿತ್ತು.

"ಡಾಕ್ಟ್ರು ಮತ್ತೆ ಹೇಳಿದ್ರು. ಧೂಳು, ಗಾಳಿ, ನೀರು ಒಂದೂ ತಾಗಬಾರದಂತೆ. ನಾನು ಹೇಳ್ದೆ, ನನ್ನ ಅಳಿಯಂದ್ರು ವಿಜ್ಞಾನ ಓದಿದೋರು, ಎಲ್ಲಾ ಅಳೆದು ತೂಗಿ ಮಾಡ್ತಾರೆ ಅಂತ. ಪಕ್ಕದ ಹಾಸಿಗೆಯೋರಿಗೂ ಹೇಳಿದ್ದೀನಿ. ಬೇರೆ ಗಾಡಿ ಕಳಿಸಿದ್ರೆ ನಾನು ಹತ್ತಲ್ಲ ನೋಡಿ. ಹೆದ್ರಿಕೆ ನಂಗೆ." ಕೊನೆಯ ಮಾತನ್ನು ಮೆಲ್ಲಗೆ ಹೇಳಿದರು.

ಅತ್ತೆ ಹೆದರಿಕೆಯ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಹೆಂಡತಿಯೂ ಕೇಳಿರಲಿಲ್ಲವೆಂದು ಅವಳ ಮುಖ ಹೇಳಿತು. ಟ್ಯಾಕ್ಸಿಯ ಮಾತು ಅಲ್ಲಿಗೆ ಸತ್ತಿತು.

"ನಾನೇ ಬರ್ತೀನಿ ಅತ್ತೇ. ಇಷ್ಟು ಧೂಳೂ ತಾಗಲ್ಲ" ಎಂದೆ.

ಹೆಂಡತಿ ಕತ್ತರಿಯಿಂದ ಜೇಬು ಕತ್ತರಿಸಿ ನನ್ನನ್ನು ಇಳಿಸಿಕೊಂಡಳು. ಎಣ್ಣೆಯ ಸೀಟಿನ ಮೇಲೇ ಇಳಿದೆ. ಬ್ಯಾಟರಿ ಜೋಡಿಸಿ ಗುಂಡಿ ಒತ್ತಿದೆ. ಈಗ ಗಾಜು ಒಂದು ಬೆರಳು ಮುಂದೆ, ಒಂದು ಬೆರಳು ಹಿಂದೆ ಹೋಗುವ ಕೆಲಸವನ್ನು ಸದ್ದಿಲ್ಲದೆ, ಬೆಣ್ಣೆಯಂತೆ ಮಾಡಿತು. ಎಣ್ಣೆಯಿಂದಾದ ಪ್ರಯೋಜನ ಇಷ್ಟೇ.

"ಬ್ಯಾಟರಿ ತೆಗೆದು ಹಾಕಿ ನೋಡಿ!" ಎಂದರು ಬಾಲ್ಕನಿ ಸಾಹೇಬರು. "ಯಾವ ಯಂತ್ರ ಮುನಿಸಿಕೊಂಡ್ರೂ ಅದೇ ಮದ್ದು. ನಮ್ಮನೆ ಫ್ರಿಜ್ಜು ಹಂಗೇ ಸರಿಹೋಯ್ತು."

"ಮೂರು ಸಲ ತೆಗೆದು ಹಾಕಿದ್ದೀನಿ ಸಾರ್."

"ನಾಲ್ಕನೇದು ನನ್ನ ಹೆಸರಲ್ಲಿ ಹಾಕಿ!"

ಹಾಕಿದೆ. ನಾಲ್ಕನೆಯ ಸಲವೂ ಗಾಜು ಹೊಸಿಲವರೆಗೆ ಬಂದು ಹಿಂತಿರುಗಿತು. ಮಧ್ಯಾಹ್ನವಾಯಿತು. ಗಾಳಿ ಎದ್ದಿತು. ಬೀದಿಯ ಕೊನೆಯಲ್ಲಿ ಒಣ ಎಲೆಗಳು ಸುತ್ತು ಹೊಡೆಯತೊಡಗಿದವು. ನನಗೆ ನನ್ನ ಪದವಿಪತ್ರ ಗೋಡೆಯಿಂದ ಇಳಿದು ಬಾಗಿಲವರೆಗೆ ನಡೆದುಬಂದಂತೆ ಅನಿಸಿತು. ಆದರೆ ಸೋಲುವ ಜಾತಿ ನನ್ನದಲ್ಲ! ಯಂತ್ರ ಮುಚ್ಚದಿದ್ದರೆ ಮನುಷ್ಯ ಮುಚ್ಚುತ್ತಾನೆ.

ನೇರವಾಗಿ ಬಚ್ಚಲುಮನೆಗೆ ನುಗ್ಗಿ, ಅಲ್ಲಿ ತೂಗುಹಾಕಿದ್ದ ಪ್ಲಾಸ್ಟಿಕ್ ಪರದೆಯನ್ನು ಉಂಗುರಗಳ ಸಮೇತ ಎಳೆದು ತಂದೆ. ನೀಲಿ ಪರದೆಯ ತುಂಬ ಹಳದಿ ಬಾತುಕೋಳಿಗಳು. ಅದನ್ನು ಕಾರಿನ ನೆತ್ತಿಗೆ ಹೊದಿಸಿ, ಅಗಲವಾದ ಟೇಪಿನಿಂದ ನಾಲ್ಕು ಅಂಚಿಗೂ ಅಂಟಿಸಿದೆ. ಎಣ್ಣೆ ಹತ್ತಿದ ಕಡೆ ಟೇಪು ಹಿಡಿಯಲಿಲ್ಲ. ಅಲ್ಲಿ ಇನ್ನೊಂದು ಪದರ, ಅದರ ಮೇಲೆ ಮತ್ತೊಂದು. ಹೆಂಡತಿ ಸೀಟಿನ ಎಣ್ಣೆಯ ಮೇಲೆ ದಪ್ಪ ಟವೆಲು ಹಾಸಿದಳು.

"ಹೇಗಿದೆ?" ಎಂದೆ.

"ಸೋಪೊಂದು ಕಡಿಮೆ" ಎಂದಳು.

ಹೊರಟೆವು. ಬೀದಿ ದಾಟುವವರೆಗೆ ಎಲ್ಲ ಸರಿಯಿತ್ತು. ಮುಖ್ಯರಸ್ತೆಗೆ ಬಂದು ಸ್ವಲ್ಪ ವೇಗ ಕೊಟ್ಟೆ ನೋಡಿ, ಗಾಳಿ ಪರದೆಯ ಕೆಳಗೆ ಹೊಕ್ಕು ಅದನ್ನು ಬುಸ್ಸೆಂದು ಉಬ್ಬಿಸಿತು. ನಮ್ಮ ಕಾರಿಗೆ ಡುಬ್ಬ ಬಂತು! ಡುಬ್ಬದ ಮೇಲೆ ಬಾತುಕೋಳಿಗಳು ರೆಕ್ಕೆ ಬಡಿದವು. ಪಕ್ಕದಲ್ಲಿ ಹೋಗುತ್ತಿದ್ದ ಬಸ್ಸಿನ ಕಿಟಕಿಗಳಲ್ಲಿ ಒಂದೊಂದಾಗಿ ಮುಖಗಳು ಮೂಡಿದವು.

"ನಿಧಾನ ಕಣ್ರೀ! ಹಾರಿಹೋಗುತ್ತೆ!"

ನಿಧಾನಿಸಿದೆ. ಡುಬ್ಬ ಇಳಿಯಿತು. ಸೈಕಲ್ಲಿನವನೊಬ್ಬ ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ ಸಮಾಧಾನ ಹೇಳುವವನಂತೆ ತಲೆಯಾಡಿಸಿದ. ಎದುರಿಗೆ ತಳ್ಳುಗಾಡಿಯವನು ಅಡ್ಡ ಬಂದ. ಹಾರ್ನ್ ಒತ್ತಿದೆ. ಸದ್ದಿಲ್ಲ! ಹಾರ್ನಿನ ಪ್ರಾಣ ಈಗ ಸನ್‌ರೂಫಿನಲ್ಲಿತ್ತಲ್ಲ.

"ಹಾರ್ನ್ ಮಾಡ್ರೀ!"

"ಫ್ಯೂಸ್ ತೆಗೆದಿದ್ದೀನಿ."

"ಹಾರ್ನ್ ಇಲ್ದೆ ಮನುಷ್ಯ ಬದುಕಬಲ್ಲ ಅಂದ್ರಲ್ಲ, ಇವಾಗ ಬದುಕಿ ತೋರ್ಸಿ" ಎಂದವಳು, ಕಿಟಕಿಯ ಗಾಜಿಳಿಸಿ ತಲೆ ಹೊರಗೆ ಹಾಕಿ, "ಅಣ್ಣಾ, ಸ್ವಲ್ಪ ಸರೀರಣ್ಣಾ! ಅಮ್ಮಾ, ದಾರಿ ಬಿಡೀಮ್ಮಾ!" ಎಂದು ಕೂಗತೊಡಗಿದಳು. ನಿಜ ಹೇಳುತ್ತೇನೆ, ಕಂಪನಿಯ ಹಾರ್ನಿಗೆ ಅಷ್ಟು ಬೇಗ ಯಾರೂ ದಾರಿ ಬಿಟ್ಟಿರಲಿಲ್ಲ.

ಆಸ್ಪತ್ರೆಯ ಮುಂದಿನ ಅಗೆದ ರಸ್ತೆಯಲ್ಲಿ ಕೆಂಪು ಧೂಳು ಕಂಬದಂತೆ ಎದ್ದಿತ್ತು. ಪೋರ್ಟಿಕೋದ ನೆರಳಿಗೆ ಕಾರು ನಿಲ್ಲಿಸುವಾಗ ಪರದೆಯ ಒಂದು ಅಂಚು ಕಿತ್ತುಬಂದು ಬಾವುಟದಂತೆ ಹಾರತೊಡಗಿತು. ಬಾಗಿಲ ಕಾವಲಿನವನು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಮೇಲೆ ಪರದೆ ನೋಡಿದ, ಸೀಟಿನ ಮೇಲೆ ಟವೆಲು ನೋಡಿದ.

"ಸಾರ್, ಬಚ್ಚಲುಮನೆ ಸಮೇತ ಬಂದಿದ್ದೀರಾ?"

ಅಷ್ಟರಲ್ಲಿ ಗಾಜಿನ ಬಾಗಿಲಿನಾಚೆ ಅತ್ತೆ ಗಾಲಿಕುರ್ಚಿಯಲ್ಲಿ ಬರುತ್ತಿದ್ದರು. ಆಪರೇಷನ್ ಆದ ಕಣ್ಣಿಗೆ ಬಟ್ಟಲಿನಂಥ ಮುಚ್ಚಳ, ಅದರ ಮೇಲೆ ಕಪ್ಪು ಕನ್ನಡಕ. ನನ್ನನ್ನು ಕಂಡು ಅವರ ಇಡೀ ಮುಖ ನಕ್ಕಿತು. ಹಿಂದೆ ಬರುತ್ತಿದ್ದ ಪಕ್ಕದ ಹಾಸಿಗೆಯವರಿಗೆ, "ನೋಡಿ, ಇವರೇ ನಮ್ಮ ಅಳಿಯಂದ್ರು" ಎಂದು ತೋರಿಸಿದರು. ಪಕ್ಕದ ಹಾಸಿಗೆಯವರು ಎಣ್ಣೆ ಹತ್ತಿದ ನನ್ನ ಶರ್ಟನ್ನು ನೋಡಿ ಗೌರವದಿಂದ ಕೈಮುಗಿದರು.

ಗಾಳಿ ಒಂದು ಕ್ಷಣ ತಗ್ಗಿತು. ಆ ಕ್ಷಣದಲ್ಲೇ ಅತ್ತೆಯನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ, ಕಿಟಕಿಯ ಗಾಜೇರಿಸಿ ಬಾಗಿಲು ಹಾಕಿದೆವು. ಹೆಂಡತಿ ಹಿಂದೆ ಕೂತಳು. ಅತ್ತೆ ತಮ್ಮ ಒಳ್ಳೆಯ ಕಣ್ಣನ್ನು ಮೇಲೆತ್ತಿದರು.

"ಇದೇನೇ ಮೇಲೆ, ಬಾತುಕೋಳಿ?"

"ನಿಮ್ಮ ಅಳಿಯಂದ್ರು ಸಾಕಿದ್ದಾರೆ" ಎಂದಳು ಮಗಳು.

ಇಗ್ನಿಷನ್ನಿನಲ್ಲಿ ಬೀಗದ ಕೈ ತಿರುಗಿಸಿದ್ದವನು ಹಾಗೆಯೇ ಬಿಟ್ಟು, ಟೇಪಿನ ಸುರುಳಿ ಹಿಡಿದು ಹೊರಗೆ ಬಂದು, ಬಾಗಿಲು ಮುಚ್ಚಿ, ಬಾನೆಟ್ಟಿನ ಮೇಲೆ ಕಾಲಿಟ್ಟು ಕಾರಿನ ಬೆನ್ನಿಗೆ ಬೋರಲಾಗಿ ಬಿದ್ದೆ. ಕಿತ್ತುಬಂದ ಅಂಚನ್ನು ಅಂಟಿಸಿದೆ. ಬಿಟ್ಟಿತು. ಮತ್ತೆ ಅಂಟಿಸಿದೆ. ಮತ್ತೆ ಬಿಟ್ಟಿತು. ಎಣ್ಣೆ! ದೂರದಲ್ಲಿ ಆ ಕೆಂಪು ಕಂಬ ಮತ್ತೆ ಎದ್ದು ಪೋರ್ಟಿಕೋದ ಕಡೆಗೇ ಹೊರಟಿತು. ಬರಿಗೈಯಲ್ಲಿ ಪರದೆ ಒತ್ತಿ ಹಿಡಿದೆ. ಮನೆಯವರೆಗೆ ಹೀಗೆಯೇ ಕಾರಿನ ಮೇಲೆ ಮಲಗಿ ಬರುತ್ತೇನೆ, ಹೆಂಡತಿ ಓಡಿಸಲಿ! ಕೊಟ್ಟ ಮಾತು ಕೊಟ್ಟದ್ದೇ! ಹಾಗೆಂದು ನಿಶ್ಚಯಿಸಿಯೂ ಬಿಟ್ಟೆ.

ಒಳಗೆ ಅತ್ತೆಯ ಧ್ವನಿ ಕೇಳಿತು. "ಕಣ್ಣಿಗೆ ಹಾಕೋ ಔಷಧಿ ಚೀಲದಲ್ಲಿದೆಯೋ ಇಲ್ವೋ? ಕತ್ತಲೆ ಇಲ್ಲಿ, ಏನೂ ಕಾಣಲ್ಲ. ಲೈಟೆಲ್ಲಿ?"

"ಮೇಲೆ ಕನ್ನಡಿ ಹತ್ರ ಇರುತ್ತಮ್ಮ."

ಪರದೆಯ ಸಂದಿಯಿಂದ ನೋಡುತ್ತಿದ್ದೆ. ಅತ್ತೆಯ ಕೈ ತಡಕಾಡುತ್ತ ಮೇಲೆ ಬಂತು. ದೀಪದ ಗುಂಡಿಯನ್ನು ದಾಟಿತು. ಪಕ್ಕದ ಗುಂಡಿಯ ಮೇಲೆ ಹೆಬ್ಬೆರಳು ಊರಿತು. ಒತ್ತಿತು. ಒತ್ತಿಯೇ ಹಿಡಿಯಿತು.

ಗಾಜು ಹೊರಟಿತು.

"ಅತ್ತೇ, ಬಿ..." ಎಂದು ನನ್ನ ಬಾಯಿ ತೆರೆಯಿತು. ಮುಂದಿನ ಅಕ್ಷರ ಹೊರಡಲಿಲ್ಲ. ಗಾಜು ಒಂದು ಬೆರಳು ದಾಟಿತು. ನಾಲ್ಕು ಬೆರಳು ದಾಟಿತು. ನಿಲ್ಲಲಿಲ್ಲ. ಹಿಂದಕ್ಕೂ ಬರಲಿಲ್ಲ. ಅತ್ತೆ ಒತ್ತುತ್ತಲೇ ಇದ್ದರು, ಅದು ಸರಿಯುತ್ತಲೇ ಇತ್ತು. ನುಣ್ಣಗೆ, ಗಂಭೀರವಾಗಿ, ನನ್ನ ಮೂಗಿನ ಕೆಳಗೇ ಹಾದುಹೋಗಿ ಟಕ್ಕೆಂದು ಮುಚ್ಚಿಕೊಂಡಿತು. ಒಂದು ಬಾತುಕೋಳಿಯ ಕೊಕ್ಕು ಮಾತ್ರ ಅಂಚಿಗೆ ಸಿಕ್ಕಿ ಒಳಗುಳಿಯಿತು. ಅತ್ತೆ ಆಗಲೂ ಬಿಡಲಿಲ್ಲ. ಗಾಜು ಒಂದು ಸಲ ಸಣ್ಣಗೆ ಮಿಡುಕಿ, ತನಗೆ ಎಲ್ಲವೂ ನೆನಪಾಯಿತೆಂಬಂತೆ ಸ್ತಬ್ಧವಾಯಿತು.

ಮರುಕ್ಷಣವೇ ಕೆಂಪು ಧೂಳು ಪೋರ್ಟಿಕೋಗೆ ನುಗ್ಗಿತು. ಕಾರಿನ ಮೇಲೆ, ನನ್ನ ಮೇಲೆ, ಕಾವಲಿನವನ ಟೋಪಿಯ ಮೇಲೆ ಸುರಿಯಿತು. ಒಳಗೆ ಮುಚ್ಚಿದ ಗಾಜುಗಳ ನಡುವೆ ಅತ್ತೆ ಕನ್ನಡಿಯ ಪೆಟ್ಟಿಗೆಯಲ್ಲಿಟ್ಟ ಗೊಂಬೆಯಂತೆ ಕೂತಿದ್ದರು.

ಗಾಳಿ ನಿಂತ ಮೇಲೆ ಮೈ ಕೊಡವಿಕೊಂಡು ಒಳಗೆ ಬಂದು ಕೂತೆ. ಕೆಮ್ಮಿದೆ.

"ಅಳಿಯಂದ್ರೇ, ನಿಮ್ಮ ಕಾರಿನ ಲೈಟು ಕೆಟ್ಟಿದೆ" ಎಂದರು ಅತ್ತೆ ಬೇಸರದಿಂದ. "ಎಷ್ಟು ಹೊತ್ತು ಒತ್ತಿದ್ರೂ ಹತ್ತಲ್ಲ."

ಹೆಂಡತಿ ಮೇಲೆ ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಮೇಲೆ ನೋಡಿದಳು.

"ಮುಚ್ಚಿದೆ!"

"ಏನೇ ಮುಚ್ಚಿದ್ದು?" ಎಂದರು ಅತ್ತೆ.

ಮಗಳು ತಾಯಿಗೆ ಬೆಳಗಿನಿಂದ ನಡೆದದ್ದನ್ನೆಲ್ಲ ಹೇಳಿದಳು. ಫ್ಯೂಸು, ಚಿಮಟ, ಹೊಲಿಗೆ ಯಂತ್ರದ ಎಣ್ಣೆ, ಕತ್ತರಿಸಿದ ಜೇಬು, ಒಂದನ್ನೂ ಬಿಡಲಿಲ್ಲ. ನಾನು ಕಾರು ಓಡಿಸುವುದರಲ್ಲಿ ಅತಿಯಾದ ಶ್ರದ್ಧೆ ತೋರಿಸಿದೆ. ಕಾರಣ ನನಗೆ ಪೋರ್ಟಿಕೋದಲ್ಲೇ ಹೊಳೆದಿತ್ತು. ಹೇಳದೆ ಮುಚ್ಚಿಡಬಹುದಿತ್ತು. ಆದರೆ ವಿಜ್ಞಾನ ಓದಿದವನಿಗೆ ಗೊತ್ತಿದ್ದೂ ಹೇಳದಿರುವುದು ಜ್ವರವಿದ್ದೂ ಅಳೆಯದಂತೆ.

"ಬ್ಯಾಟರಿ ಬಿಚ್ಚಿದಾಗ ಆ ಗಾಜಿಗೆ ತಾನೆಲ್ಲಿದ್ದೀನಿ ಅನ್ನೋದು ಮರೆತುಹೋಗುತ್ತೆ" ಎಂದೆ ಮೆಲ್ಲಗೆ. "ಆಗ ಗುಂಡೀನ ಒತ್ತಿ ಹಿಡೀಬೇಕು. ಪೂರ್ತಿ ಮುಚ್ಚೋವರೆಗೂ ಬಿಡಬಾರದು. ಆಗ ಅದಕ್ಕೆ ನೆನಪು ಬರುತ್ತೆ."

"ಬ್ಯಾಟರಿ ಬಿಚ್ಚಿದ್ದು ಯಾರು?" ಹಿಂದಿನ ಸೀಟಿನಿಂದ ಪ್ರಶ್ನೆ ಬಂತು.

"ಸುರಕ್ಷತೆಗೋಸ್ಕರ..."

"ಎಷ್ಟು ಸಲ?"

"ನಾಲ್ಕು. ಅದ್ರಲ್ಲಿ ಒಂದು ಬಾಲ್ಕನಿ ಸಾಹೇಬರ ಹೆಸರಲ್ಲಿ."

"ನಾನು ಒತ್ತಿ ಹಿಡಿದಾಗ ನಾಲ್ಕು ಬೆರಳು ಬಂದಿತ್ತಲ್ಲ, ಅದೇನಂದ್ರಿ ಅದಕ್ಕೆ?"

ನಾನು ಅತ್ತ ನೋಡಲಿಲ್ಲ. ಎದುರು ರಸ್ತೆಯಿತ್ತು, ಹಾರ್ನ್ ಇರಲಿಲ್ಲ, ಗಮನ ಅಗತ್ಯವಿತ್ತು.

ಅತ್ತೆ ಚೀಲದಲ್ಲಿ ಸಿಕ್ಕಿದ ಔಷಧಿಯ ಸೀಸೆಯನ್ನು ಮಡಿಲಲ್ಲಿ ಭದ್ರವಾಗಿ ಹಿಡಿದಿದ್ದರು. ಮುಚ್ಚಿದ ಗಾಜಿನಾಚೆ ಧೂಳು ಹಾರುವುದನ್ನು ಒಂದೇ ಕಣ್ಣಲ್ಲಿ ಸಿನಿಮಾ ನೋಡಿದಂತೆ ನೋಡುತ್ತಿದ್ದರು. ಸೆರಗಿನ ತುದಿಯಿಂದ ನನ್ನ ಕಿವಿಯ ಮೇಲಿನ ಕೆಂಪು ಮಣ್ಣನ್ನು ಒರೆಸಿದರು.

"ಆಡಿದ ಮಾತು ಉಳಿಸ್ಕೊಂಡ್ರಿ ಅಳಿಯಂದ್ರೇ. ಒಂದು ಕಣ ತಾಗಲಿಲ್ಲ ನಂಗೆ. ನಿಮ್ಮ ಪದವಿ ನಿಮ್ಮ ಹತ್ರಾನೇ ಇರ್ಲಿ."

ನಾನು ಮತ್ತೊಮ್ಮೆ ಕೆಮ್ಮಿದೆ. ಧೂಳಿನಿಂದ ಎಂದುಕೊಳ್ಳಿ.

ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಕಾರು ನಿಂತಿತು. ಅತ್ತೆ ಮೇಲಿನ ಗುಂಡಿಯನ್ನು ಮತ್ತೊಮ್ಮೆ ದಿಟ್ಟಿಸಿ, ನಿಜಕ್ಕೂ ತಿಳಿದುಕೊಳ್ಳುವ ಆಸೆಯಿಂದ ಕೇಳಿದರು.

"ಅಲ್ಲ, ಬೆಳಗಿಂದ ನೀವು ಒತ್ತಿದ್ದೂ ಇದೇ ಗುಂಡೀನೇ ಅಲ್ವಾ?"

"ಇದೇ ಅತ್ತೇ."

"ಮತ್ತೆ ನಿಮಗ್ಯಾಕೆ ಮುಚ್ಚಲಿಲ್ಲ? ಒಂದೊಂದು ಸಲ ಎಷ್ಟು ಹೊತ್ತು ಒತ್ತಿದ್ರಿ?"

ಹಿಂದಿನ ಸೀಟಿನಲ್ಲಿ ಹೆಂಡತಿ ಸೆರಗಿನ ಅಂಚನ್ನು ಬಾಯಿಗೆ ತುರುಕಿಕೊಂಡಳು. ಸಿಗ್ನಲ್ಲಿನ ದೀಪ ಹಸಿರಾಗುವ ಯಾವ ಲಕ್ಷಣವೂ ಕಾಣಲಿಲ್ಲ. ನಾನು ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ನೇರವಾಗಿ ಮುಂದೆ ನೋಡುತ್ತ, ಅಳೆದು ತೂಗಿದ ನಿಖರವಾದ ಉತ್ತರವನ್ನೇ ಕೊಟ್ಟೆ.

"ಅರ್ಧ ಸೆಕೆಂಡು."